ಬೆನ್ನಿಗೆ ಸಿಲಿಂಡರ್ ಇಲ್ಲದ ಡೈವರ್‌ಗಳು

2025ರ ಆಗಸ್ಟ್ 19, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಪೀಣ್ಯದಾಚೆಯ ಕರೇಕಲ್ಲು ಠಾಣೆಗೆ ಒಂದು ಕಳವಿನ ದೂರು ಬಂತು. ಇನ್‌ಸ್ಪೆಕ್ಟರ್ ಮುರಿಗೆಪ್ಪನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಷ್ಟು ಸಣ್ಣ ಮಾಲಿನ ಕಳವು ಯಾವತ್ತೂ ದಾಖಲಾಗಿರಲಿಲ್ಲ. ಉದ್ದ ಒಂದೂವರೆ ಸೆಂಟಿಮೀಟರ್, ಬಣ್ಣ ಹಳದಿ, ಪ್ಲಾಸ್ಟಿಕ್.

ದೂರು ತಂದವನು ತರಂಗಿಣಿ ಟಾಯ್ಸ್ ಕಾರ್ಖಾನೆಯ ಮ್ಯಾನೇಜರ್ ಸಿದ್ದಾರ್ಥ್. ಮಕ್ಕಳು ಜೋಡಿಸಿ ಆಡುವ ಬ್ಲಾಕ್ಸ್ ತಯಾರಿಸುವ ಕಾರ್ಖಾನೆ ಅದು. ಈ ವರ್ಷ ಚೆನ್ನಾಗಿ ಓಡುತ್ತಿದ್ದ ಮಾಲು 'ಸಾಗರತಳ ಸಾಹಸ'. ಒಂದು ಜಲಾಂತರ್ಗಾಮಿ, ಒಂದು ಶಾರ್ಕ್, ಎಂಟು ಕಾಲಿನ ಆಕ್ಟೋಪಸ್, ನಿಧಿಪೆಟ್ಟಿಗೆ, ಇಬ್ಬರು ಡೈವರ್‌ಗಳು, ಒಟ್ಟು ನಾನೂರ ಹನ್ನೆರಡು ತುಂಡು. ಬ್ರೂಕ್‌ಫೀಲ್ಡಿನ ತಾಯಿಯೊಬ್ಬರು ಮಗನ ಹುಟ್ಟುಹಬ್ಬಕ್ಕೆ ಕೊಂಡ ಬಾಕ್ಸಿನಲ್ಲಿ ಇಬ್ಬರೂ ಡೈವರ್‌ಗಳ ಬೆನ್ನಿನ ಆಕ್ಸಿಜನ್ ಸಿಲಿಂಡರ್ ಇರಲಿಲ್ಲ. ಅವರು ಚಿತ್ರ ತೆಗೆದು ಹಾಕಿದರು. ಮರುದಿನ ಇನ್ನೂರು ಜನ 'ನಮ್ಮದರಲ್ಲೂ ಇಲ್ಲ' ಎಂದು ಬರೆದರು. ಮುನ್ನೂರ ಹತ್ತು ಬಾಕ್ಸ್ ವಾಪಸು ಬಂದಿದ್ದವು.

"ಬೇರೆ ಏನಾದ್ರೂ ಕಡಿಮೆ ಇತ್ತಾ?" ಮುರಿಗೆಪ್ಪ ಕೇಳಿದ.

"ಇಲ್ಲ ಸಾರ್. ಸಿಲಿಂಡರ್ ಒಂದೇ. ಒಳಗಿನವರ ಕೈವಾಡ."

ಆಮೇಲೆ ಅವನು ಹೇಳಿದ ಮಾತಿಗೆ ಮುರಿಗೆಪ್ಪನ ಮೈ ಉರಿಯಿತು. ಪ್ಯಾಕಿಂಗ್ ಹಾಲಿನ ಇಪ್ಪತ್ತೆರಡು ಹೆಂಗಸರನ್ನೂ ಅವನು ಅಂದು ಬೆಳಿಗ್ಗೆ ಗೇಟಿನ ಹೊರಗೆ ನಿಲ್ಲಿಸಿ ಬಂದಿದ್ದ. ಗುರುವಾರ ಸಂಜೆಯೊಳಗೆ ಕಳ್ಳಿ ಸಿಗದಿದ್ದರೆ ಅಷ್ಟೂ ಜನರನ್ನು ಕೆಲಸದಿಂದ ತೆಗೆಯುವುದಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಮುರಿಗೆಪ್ಪ ಕಂಡಿದ್ದ. ಇವನು ಕೊಯ್ಯಲು ಹೊರಟದ್ದು ಊರವರ ಮೂಗು. ಆದರೂ ದೂರು ದೂರೇ. 11.30ಕ್ಕೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 306, ನೌಕರರಿಂದ ಕಳವು.

ಬುಧವಾರ 10.15ಕ್ಕೆ ಮುರಿಗೆಪ್ಪ, ಹೆಡ್ ಕಾನ್‌ಸ್ಟೆಬಲ್ ರಾಮಾಂಜಿನಪ್ಪ ಮತ್ತು ಮಹಿಳಾ ಕಾನ್‌ಸ್ಟೆಬಲ್ ಶೈಲಜಾ ಕಾರ್ಖಾನೆಗೆ ಹೋದರು. ಗೇಟಿನ ಹೊರಗೆ ಹೆಂಗಸರು ಬಿಸಿಲಿನಲ್ಲಿ ಡಬ್ಬಿ ಹಿಡಿದು ಕೂತಿದ್ದರು. ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದವರು, ಗೇಟು ಮುಚ್ಚಿದ್ದರೂ ಒಬ್ಬರೂ ಮನೆಗೆ ಮರಳಿರಲಿಲ್ಲ. ಹೋದರೆ ಕಳ್ಳಿ ತಾನೇ ಎಂದು ಒಪ್ಪಿಕೊಂಡಂತೆ ಎಂಬ ಭಯ.

ಇಬ್ಬರು ಪಂಚರ ಸಮಕ್ಷಮ ಪ್ಯಾಕಿಂಗ್ ಹಾಲಿನ ಪಂಚನಾಮೆ ನಡೆಯಿತು. ದೊಡ್ಡ ತುಂಡುಗಳನ್ನು ಯಂತ್ರವೇ ಎಣಿಸಿ ಪೊಟ್ಟಣ ಕಟ್ಟುತ್ತದೆ. ಸಣ್ಣವು ಯಂತ್ರದಲ್ಲಿ ಸಿಕ್ಕಿಕೊಳ್ಳುವುದರಿಂದ ನಾಲ್ಕನೇ ಟೇಬಲ್ಲಿನ ಆರು ಹೆಂಗಸರು ಕೈಯಿಂದ ತುಂಬುತ್ತಾರೆ. ಡೈವರ್‌ಗಳು, ಸಿಲಿಂಡರ್, ಮೀನು, ನೀರಿನ ಗುಳ್ಳೆ ಎಂದು ಕೊಡುವ ನೀಲಿ ಗುಂಡುಗಳು ಎಲ್ಲವೂ ಆ ಪೊಟ್ಟಣದಲ್ಲಿ. ಕೊನೆಗೆ ಬಾಕ್ಸು ತಕ್ಕಡಿಗೆ ಬರುತ್ತದೆ. ಅರ್ಧ ಗ್ರಾಂ ಕಡಿಮೆ ಇದ್ದರೂ ಕೆಂಪು ದೀಪ ಹತ್ತುತ್ತದೆ. ಸಂಜೆ ಗೇಟಿನಲ್ಲಿ ಉಡಿ, ಡಬ್ಬಿ, ಚಪ್ಪಲಿಯನ್ನೂ ಬಿಡದೆ ತಪಾಸಣೆ ಮಾಡುತ್ತಾರೆ.

ಹಾಗಿದ್ದ ಮೇಲೆ ಮುನ್ನೂರ ಹತ್ತು ಬಾಕ್ಸು ತಕ್ಕಡಿ ದಾಟಿದ್ದು ಹೇಗೆ ಎಂದು ಮುರಿಗೆಪ್ಪ ಕೇಳಿದ. ಸಿದ್ದಾರ್ಥ್ ತಕ್ಕಡಿ ಮಾಡಿದ ಕಂಪನಿಯನ್ನು ಬೈದ.

ಉತ್ತರ ಕೊಟ್ಟವಳು ಶೈಲಜಾ. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ವಾಪಸು ಬಂದ ನಲವತ್ತು ಬಾಕ್ಸು ಬಿಚ್ಚಿದಳು. ಮನೆಯಲ್ಲಿ ಇಂಥದೇ ಬ್ಲಾಕ್ಸಿನ ಮೇಲೆ ಕಾಲಿಟ್ಟು ದಿನಾ ಅಂಗಾಲು ನೋಯಿಸಿಕೊಳ್ಳುವ ಹೆಂಗಸು, ಜೋಡಣೆ ಪುಸ್ತಕ ಅವಳಿಗೆ ಹೊಸದಲ್ಲ. ಪುಸ್ತಕದ ಪ್ರಕಾರ ಗುಳ್ಳೆ ಹತ್ತು ಇರಬೇಕು. ಪ್ರತಿ ಬಾಕ್ಸಿನಲ್ಲೂ ಹದಿಮೂರು ಇದ್ದವು. ತಕ್ಕಡಿಯಲ್ಲಿಟ್ಟು ನೋಡಿದರು: ಎರಡು ಸಿಲಿಂಡರಿನ ತೂಕ, ಮೂರು ಗುಳ್ಳೆಯ ತೂಕ ಒಂದೇ.

"ಇನ್ನೊಂದು ಸಾರ್," ಎಂದಳು ಶೈಲಜಾ. "ಎಲ್ಲಾ ಬಾಕ್ಸಿನ ತಾರೀಖು ನೋಡಿ. ಜುಲೈ ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ಆಗಸ್ಟ್ ನಾಲ್ಕು. ಬರೀ ಸೋಮವಾರ."

ಸೋಮವಾರ ಇಲ್ಲಿ ಏನು ವಿಶೇಷ ಎಂಬ ಪ್ರಶ್ನೆಗೆ ಸಿದ್ದಾರ್ಥ್ ಹೆಮ್ಮೆಯಿಂದಲೇ ಉತ್ತರಿಸಿದ. ಬೆಳಿಗ್ಗೆ ಒಂಬತ್ತೂವರೆಗೆ ಸುರಕ್ಷತಾ ಮೀಟಿಂಗ್. ಮಾತಾಡುವವನು ಸ್ವತಃ ಅವನೇ. ಜುಲೈ ಹದಿನಾಲ್ಕರಿಂದ ಹೊಸ ಸ್ಲೈಡ್ ಹಾಕಿದ್ದೇನೆ, ಜನರ ಮನಸ್ಸಿಗೆ ನಾಟುತ್ತದೆ ಎಂದು ಲ್ಯಾಪ್‌ಟಾಪ್ ತಂದು ತೋರಿಸಿದ. ಪರದೆಯ ಮೇಲೆ ಮೂವತ್ತು ದಾಟಿದ ಒಬ್ಬ ಗಂಡಸಿನ ಗುರುತಿನ ಚೀಟಿಯ ಫೋಟೋ. ಕೆಳಗೆ ದಪ್ಪ ಅಕ್ಷರ: 'ಯಮನಪ್ಪ. ನಿಷೇಧಿತ ಜಾಗದಲ್ಲಿ ಬೀಡಿ ಸೇದಲು ಹೋಗಿ ಕೊಳಚೆ ತೊಟ್ಟಿಗೆ ಬಿದ್ದು ಸಾವು. ನೀವು ಹೀಗೆ ಸಾಯಬೇಡಿ.'

"ಇವನ ಮನೆಯವರು?"

"ಹೆಂಡ್ತಿಗೆ ಇಲ್ಲೇ ಕೆಲಸ ಕೊಟ್ಟಿದೀವಿ ಸಾರ್, ಮಾನವೀಯತೆ ಮೇಲೆ. ಹನುಮವ್ವ ಅಂತ. ನಾಲ್ಕನೇ ಟೇಬಲ್."

"ಅವಳೂ ಈ ಮೀಟಿಂಗ್‌ಗೆ ಬರ್ತಾಳಾ?"

"ಎಲ್ಲರಿಗೂ ಕಂಪಲ್ಸರಿ ಸಾರ್."

ಶೈಲಜಾ ಕೈಯಲ್ಲಿದ್ದ ಬಾಕ್ಸನ್ನು ಕೆಳಗಿಟ್ಟಳು. ಮಾನವೀಯತೆಯಂತೆ! ಹೆಣ್ಣೊಬ್ಬಳನ್ನು ಪ್ರತಿ ಸೋಮವಾರ ಕುರ್ಚಿಯ ಮೇಲೆ ಕೂರಿಸಿ, ಸತ್ತ ಗಂಡನನ್ನು ಪರದೆಯ ಮೇಲೆ ಎಳೆತಂದು, ಅವನದೇ ತಪ್ಪು ಎಂದು ಎಲ್ಲರೆದುರು ಓದಿ ಹೇಳುವುದಕ್ಕೆ ಈ ಮನುಷ್ಯ ಇಟ್ಟ ಹೆಸರು ಅದು. ಮುರಿಗೆಪ್ಪ ಹಲ್ಲು ಕಚ್ಚಿಕೊಂಡು ಸ್ಲೈಡಿನ ಪ್ರತಿಯನ್ನು ಜಪ್ತಿ ಮಾಡಿಸಿದ.

ಸಂಜೆ 5.20ಕ್ಕೆ ಠಾಣೆಯಲ್ಲಿ ಜನವರಿಯ ಅಸ್ವಾಭಾವಿಕ ಸಾವಿನ ಕಡತ ತರಿಸಿದ. ಯಮನಪ್ಪ ಸತ್ತದ್ದು ಇದೇ ಠಾಣೆಯ ಹದ್ದಿನಲ್ಲಿ, ಕಡತ ಮುಚ್ಚಿದ್ದೂ ಇದೇ ಠಾಣೆ. ಶವಪರೀಕ್ಷೆಯಲ್ಲಿ ಉಸಿರುಕಟ್ಟಿ ಸಾವು ಎಂದಿತ್ತು. ಹೆಂಡತಿಯ ಹೇಳಿಕೆಯಲ್ಲಿ ಹೀಗಿತ್ತು: 'ನನ್ನ ಗಂಡನು ತೊಟ್ಟಿಯ ಹತ್ತಿರ ದಮ್ ಹೊಡೆಯುತ್ತಿದ್ದಾಗ ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾನೆ. ಯಾರ ಮೇಲೂ ಅನುಮಾನವಿಲ್ಲ.' ಕೆಳಗೆ ಹೆಬ್ಬೆಟ್ಟು. ಬರೆದವನು ರಾಮಾಂಜಿನಪ್ಪ.

ಮುರಿಗೆಪ್ಪ ಆ ಸಾಲನ್ನು ಮೂರು ಸಲ ಓದಿದ. ಅವನು ರೋಣ ಕಡೆಯವನು. ಅವನ ಸೀಮೆಯಲ್ಲಿ ದಮ್ ಎಂದರೆ ಉಸಿರು, ದಮ್ ಹತ್ತುವುದೆಂದರೆ ಉಸಿರು ಕಟ್ಟುವುದು. ಏಣಿ ಹತ್ತಿದರೆ ದಮ್ ಹತ್ತುತ್ತದೆ, ಮುದುಕರಿಗೆ ಚಳಿಗಾಲದಲ್ಲಿ ದಮ್ ಹತ್ತುತ್ತದೆ. ಹನುಮವ್ವ ಲಿಂಗಸುಗೂರಿನವಳು. ಗಂಡ ಸತ್ತ ದಿನ ಆ ಕಡೆಯ ಹೆಂಗಸು 'ದಮ್ ಹೊಡೀತಿದ್ದ' ಎನ್ನುವ ಮಾತೇ ಇಲ್ಲ.

ರಾಮಾಂಜಿನಪ್ಪನನ್ನು ಕರೆಸಿ, ಅವಳ ಬಾಯಲ್ಲಿ ಬಂದ ಪದವನ್ನೇ ಹೇಳು ಎಂದ.

ಮಾಲೂರಿನ ರಾಮಾಂಜಿನಪ್ಪ ಒಳ್ಳೆಯವನೇ. ಒಳ್ಳೆಯತನದಿಂದ ಕಡತ ನೆಟ್ಟಗಾಗುವುದಿಲ್ಲ. "ದಮ್ ಹತ್ತಿ ಸತ್ರು ಅಂದ್ಲು ಸಾರ್. ದಮ್ ಅಂದ್ರೆ ಸಿಗರೇಟೇ ಅಲ್ವಾ? ಪಕ್ಕದಲ್ಲಿ ಮ್ಯಾನೇಜ್ರು ಕೂತಿದ್ರು, ಹೌದು ಸಾರ್, ಗಂಟೆಗೊಂದ್ಸಲ ಹೋಗ್ತಿದ್ದ ಅಂದ್ರು. ಸರಿ ಅಂತ ಬರ್ಕೊಂಡೆ."

"ಓದಿ ಹೇಳಿದ್ಯಾ ಅವಳಿಗೆ?"

"ಇಲ್ಲ ಸಾರ್. ಹೆಬ್ಬೆಟ್ಟು ಒತ್ತಿಸ್ಕೊಂಡೆ."

ಬೈಯಲು ಬಾಯಿ ತೆರೆದ ಮುರಿಗೆಪ್ಪನ ಕಣ್ಣು ಹಾಳೆಯ ಬುಡಕ್ಕೆ ಹೋಯಿತು. 'ಪರಿಶೀಲಿಸಿದೆ, ಮುಕ್ತಾಯಗೊಳಿಸಬಹುದು. ಮುರಿಗೆಪ್ಪ. 3.2.2025.' ದಮ್ ಎಂದರೇನೆಂದು ಬಲ್ಲವನು ಆ ಠಾಣೆಯಲ್ಲಿ ಇದ್ದದ್ದು ಒಬ್ಬನೇ, ಆ ಒಬ್ಬ ಓದದೆ ಸಹಿ ಹಾಕಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅವನ ಅವ್ವ ಹೇಳುತ್ತಿದ್ದದ್ದು ಇಂಥ ಮಗನನ್ನು ನೋಡಿಯೇ ಇರಬೇಕು.

ಗುರುವಾರ ಬೆಳಿಗ್ಗೆ 7.30ಕ್ಕೆ ಶೈಲಜಾಳೊಂದಿಗೆ ಚಿಕ್ಕಬಾಣಾವರದ ಬಾಡಿಗೆ ಕೋಣೆಗೆ ಹೋದ. ಹನುಮವ್ವ ತಲೆ ಬಾಚಿ, ಸೀರೆ ಉಟ್ಟು ಹೊರಡಲು ನಿಂತಿದ್ದಳು. ಪೊಲೀಸರನ್ನು ಕಂಡು ಬೆದರಲಿಲ್ಲ. ನಿಮ್ಮ ಠಾಣೆಗೇ ಹೊರಟಿದ್ದೆ, ಉಳಿದ ಇಪ್ಪತ್ತೊಂದು ಮಂದಿಯನ್ನು ಒಳಗೆ ಬಿಡಿಸಿ ಎಂದಳು. ಮುರಿಗೆಪ್ಪ ತನ್ನ ಊರಿನ ಮಾತಿನಲ್ಲೇ ಕೇಳಿದ.

"ಸಿಲಿಂಡರ್ ತಗದಾಕಿ ನೀನ ಏನವ್ವಾ?"

"ನಾನಽರೀ."

"ಎಲ್ಲಿ ಅದಾವ?"

"ಊಟದ ಹೊತ್ತಿನ್ಯಾಗ ಉಡ್ಯಾಗ ಒಯ್ದು ತೊಟ್ಯಾಗ ಹಾಕೀನ್ರಿ. ಮುಚ್ಚಳದಾಗ ತೂತೈತಿ."

"ಯಾಕ?"

"ನಮ್ಮನಿಯವ್ರು ತೊಟ್ಯಾಗ ಇಳೀಬೇಕಾದ್ರ ಯಾರೂ ಸಿಲಿಂಡರ್ ಕೊಡ್ಲಿಲ್ಲಲ್ರಿ." ಅವಳ ದನಿ ಗಡುಸಾಯಿತು. "ಗೊಂಬಿಗೆ ಕೊಡ್ತಾರ. ಪ್ಲಾಸ್ಟಿಕಿನ ಗೊಂಬಿ ನೀರಾಗ ಇಳೀಬೇಕಾದ್ರ ಬೆನ್ನಿಗೆ ಗಾಳಿ ಬೇಕಂತ ಆ ಕಂಪನ್ಯಾವ್ರಿಗೆ ಗೊತ್ತೈತಿ. ನಾನಽ ಒಂದೊಂದ ಎಣಿಸಿ ಹಾಕಬೇಕು. ಸೋಮವಾರ ಬಂತಂದ್ರ ಬೀಡಿ ಸೇದಿ ಸತ್ತ ಅಂತಾನ. ಬೀಡಿ ಮುಟ್ಟಿದವ್ರಲ್ರಿ ಅವ್ರು. ದಮ್ ಹತ್ತಿ ಸತ್ತಾರಂತ ಹೇಳೀನ್ರಿ ನಾ, ನಿಮ್ಮ ಠಾಣ್ಯಾಗ ಹೇಳೀನಿ."

ಹೇಳಿದ್ದೀ ಎಂದು ನನಗೆ ಗೊತ್ತು ಎಂದ ಮುರಿಗೆಪ್ಪ. 8.05ಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು.

10.30ಕ್ಕೆ ಮಾಲು ಜಪ್ತಿಗೆ ಎಲ್ಲರೂ ಕ್ಯಾಂಟೀನ್ ಹಿಂದಿನ ತೊಟ್ಟಿಯ ಬಳಿ ನಿಂತರು. ಮುಚ್ಚಳ ಸರಿಸಿದೊಡನೆ ಕೊಳೆತ ಮೊಟ್ಟೆಯ ನಾತ ಎದ್ದು ಪಂಚರು ಮೂಗು ಮುಚ್ಚಿಕೊಂಡರು. ಅಗ್ನಿಶಾಮಕದವರಿಗೆ ಹೇಳಿದ್ದೇನೆ, ಬರಲಿ ಎಂದ ಮುರಿಗೆಪ್ಪ. ಸಿದ್ದಾರ್ಥ್ ಗಡಿಯಾರ ನೋಡಿಕೊಂಡ. ಮಧ್ಯಾಹ್ನ ಲಾರಿ ಬರುವುದಿತ್ತು.

"ಅವರ್ಯಾಕೆ ಸಾರ್, ಎರಡು ನಿಮಿಷದ ಕೆಲಸ. ನಮ್ಮವರೇ ಇಳೀತಾರೆ. ಏಯ್ ಹಣಮಂತ, ಹಗ್ಗ ತಗೊಂಡು ಬಾ."

ಬಂದವನು ಲೋಡಿಂಗ್ ಕೆಲಸದ ನಲವತ್ತರ ಹಣಮಂತ. ಹಗ್ಗ ತಂದವನು ತೊಟ್ಟಿಯ ಬಾಯಿಗೆ ಎಂಟು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. ಇಳಿ ಎಂದು ಸಿದ್ದಾರ್ಥ್ ಮತ್ತೆ ಕೂಗಿದ. ಹಣಮಂತ ಪೊಲೀಸರ ನಡುವೆ ನಿಂತ ಹನುಮವ್ವನನ್ನು ನೋಡಿದ, ಹಗ್ಗವನ್ನು ನೆಲಕ್ಕೆ ಹಾಕಿದ.

"ನಾ ಇಳ್ಯಂಗಿಲ್ರಿ. ತೊಟ್ಟಿ ಪಂಪ್ ಕಸ ಕಟ್ಟಿ ನಿಂತ ದಿನ ಯಮನಪ್ಪಗೂ ಹಿಂಗಽ ಎರಡು ನಿಮಿಷ ಅಂದ್ರಿ. ಹಗ್ಗ ಹಿಡದಾಂವ ನಾನಽ. ಮ್ಯಾಲ ಎಳೀಬೇಕಾದ್ರ ಅವ ಆಗಲೇ ಮುಗದಿದ್ದ. ಬಾಯಿ ಬಿಟ್ರ ಕೆಲಸ ಹೋಕ್ಕೈತಿ ಅಂದ್ರಿ, ಬಿಡಲಿಲ್ಲ."

ಇವನಿಗೆ ತಲೆ ಕೆಟ್ಟಿದೆ ಎಂದು ಸಿದ್ದಾರ್ಥ್ ಹೇಳಲು ಹೊರಟ. ಮುರಿಗೆಪ್ಪ ಅವನ ತೋಳು ಹಿಡಿದು, ತೊಟ್ಟಿಯ ಅಂಚಿಗೆ ಎಳೆದು ನಿಲ್ಲಿಸಿದ. ಠಾಣೆಯಲ್ಲಿ ಯಾರೂ ಕೇಳಿರದ ದನಿಯಲ್ಲಿ, ಎರಡೇ ನಿಮಿಷ ಅಲ್ಲವೇನೋ, ನೀನೇ ಇಳಿ ಎಂದ. ಸಿದ್ದಾರ್ಥ್‌ನ ಕಾಲು ಹಿಂದಕ್ಕೆ ಸರಿಯಿತು. ಶೈಲಜಾ "ಸಾರ್" ಎಂದಳು. ಮುರಿಗೆಪ್ಪ ಕೈ ಬಿಟ್ಟ.

"ರಾಮಾಂಜಿನಪ್ಪ, ಬರ್ಕೋ. ಮ್ಯಾನೇಜರ್ ಏನಂದ, ಹಣಮಂತ ಏನಂದ, ಇವನು ಹೇಗೆ ಹಿಂದಕ್ಕೆ ಹೋದ. ಅವರವರ ಪದದಲ್ಲೇ ಬರಿ. ನಾನು ಕೈ ಮಾಡಿದ್ದನ್ನೂ ಬರಿ. ಬರೆದ ಮೇಲೆ ಎಲ್ಲರಿಗೂ ಓದಿ ಹೇಳು."

11.40ಕ್ಕೆ ಅಗ್ನಿಶಾಮಕ ಸಿಬ್ಬಂದಿ ಮುಖವಾಡ ಹಾಕಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದರು. ಜಾಲರಿಯಲ್ಲಿ ತೋಡಿ ತಂದ ಕೆಸರಿನಿಂದ ಹಳದಿ ತುಂಡುಗಳನ್ನು ಬೇರ್ಪಡಿಸಿ ಎಣಿಸಿದಾಗ ಆರುನೂರ ಎಂಬತ್ನಾಲ್ಕು ಆದವು. ಒಂದೂ ಕಾಂಪೌಂಡ್ ದಾಟಿರಲಿಲ್ಲ. ಹನುಮವ್ವ ಅವನ್ನು ನೋಡಲಿಲ್ಲ, ತೊಟ್ಟಿಯಿಂದ ಮೇಲೆ ಬಂದು ಮುಖವಾಡ ತೆಗೆದು ಉಸಿರಾಡುತ್ತಿದ್ದ ಮನುಷ್ಯನನ್ನೇ ನೋಡುತ್ತಿದ್ದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಅದುವರೆಗೆ ಅಳದವಳು ಅತ್ತಳು.

ಮಧ್ಯಾಹ್ನ 12.30ಕ್ಕೆ ಗೇಟು ತೆರೆಯಿತು, ಇಪ್ಪತ್ತೊಂದು ಜನ ಒಳಗೆ ಹೋದರು. 2.10ಕ್ಕೆ ಹಣಮಂತನ ಹೇಳಿಕೆಯ ಮೇಲೆ ಎರಡನೇ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದು, ಜೊತೆಗೆ ಕೊಳಚೆ ತೊಟ್ಟಿಗೆ ಮನುಷ್ಯರನ್ನು ಇಳಿಸಬಾರದೆಂಬ ಕಾಯ್ದೆ. 3.15ಕ್ಕೆ ಸಿದ್ದಾರ್ಥ್‌ನ ದಸ್ತಗಿರಿ. ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕಡತ ತಪ್ಪಾಗಿ ಮುಚ್ಚಿದ್ದರ ಬಗ್ಗೆ ಎಸಿಪಿಗೆ ಕಳಿಸಿದ ವರದಿಯಲ್ಲಿ ಮುರಿಗೆಪ್ಪ ರಾಮಾಂಜಿನಪ್ಪನ ಹೆಸರಿಗಿಂತ ಮೊದಲು ತನ್ನ ಹೆಸರು ಬರೆದ.

ಹನುಮವ್ವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಅರ್ಜಿ ಸಿದ್ಧವಾಗಿತ್ತು. ಜಾಮೀನಿಗೆ ನಮ್ಮ ತಕರಾರಿಲ್ಲ ಎಂದು ಮುರಿಗೆಪ್ಪ ಮೊದಲೇ ಸೇರಿಸಿದ್ದ. ಕೃತ್ಯದ ಉದ್ದೇಶ ಎಂಬಲ್ಲಿ ರಾಮಾಂಜಿನಪ್ಪ 'ಹಣದಾಸೆ' ಎಂದು ತುಂಬಿದ್ದ. ಕಳವಿನ ಕೇಸೆಂದರೆ ಅವನ ಕೈ ತಾನಾಗಿ ಬರೆಯುವ ಪದ ಅದು. ಮುರಿಗೆಪ್ಪ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ತನ್ನ ಕೈಯಾರೆ ಒಂದು ಸಾಲು ಬರೆದು ಹನುಮವ್ವನಿಗೆ ಓದಿ ಹೇಳಿದ.

'ಆರೋಪಿಯ ಗಂಡ ಬೀಡಿ ಸೇದುತ್ತಿರಲಿಲ್ಲ.'