ಉಪ್ಪಿನ ಕೈ

ಹಂಚಿನ ಮೇಲಿನ ರೊಟ್ಟಿಗೆ ಸಗೀರಾ ಇನ್ನೇನು ನೀರು ಸವರಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ಬಳೆಯ ಸದ್ದಾಯಿತು. ಅತ್ತೆ ಮಾಬುಬಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು.

"ಬಾ ಬೇಟಾ, ತಲಿ ನೋಡು ಹೆಂಗ ಆಗೇತಿ! ಹೆಳಲ ಹಾಕತೇನಿ, ಬಾ."

ಸಗೀರಾಳ ನೀರಿನ ಕೈ ರೊಟ್ಟಿಯ ಮೇಲೆ ಹಾಗೇ ನಿಂತುಬಿಟ್ಟಿತು. ಬೇಟಾ!... ಇಂಡಿ ಊರಿನ ತವರಿನಿಂದ ಈ ಕನ್ನೊಳ್ಳಿಯ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಬಾಯಲ್ಲಿ ಅವಳು 'ಏ ಇಂಡಿ ಊರಾಕಿ' ಮಾತ್ರ. ತನ್ನ ಹೆಸರನ್ನೂ ಆ ಬಾಯಲ್ಲಿ ಕೇಳಿದವಳಲ್ಲ.

ಮಾಬುಬಿ ಅವಳನ್ನು ನೆಲಕ್ಕೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದರು. "ನಾಲತವಾಡ ಸಂತ್ಯಾಗ ಕೆಂಪ ರಿಬ್ಬನ್ ತಂದೇನಿ, ಮೆಹನಾಜ. ಅಳಬಾರದು, ಹಾಂ?"

ಮೆಹನಾಜ ಅವರ ಒಬ್ಬಳೇ ಮಗಳು. ಚಿಕ್ಕವಳಿದ್ದಾಗಲೇ ವಾಂತಿಭೇದಿಯಿಂದ ತೀರಿಕೊಂಡಿದ್ದಳು. ಭೇದಿಯಾದ ಮಗುವಿಗೆ ನೀರು ಕೊಡಬಾರದೆಂದು ಆಗಿನ ಹಿರಿಯರು ತಾಯಿಯ ಕೈ ಹಿಡಿದಿದ್ದರಂತೆ. ನೀರು, ನೀರು ಎನ್ನುತ್ತಲೇ ಮಗು ಕಣ್ಣು ಮುಚ್ಚಿತ್ತು. ಅಂದಿನಿಂದ ಮಾಬುಬಿ ಬಾಗಿಲಿಗೆ ಬಂದ ಯಾರನ್ನೂ ನೀರು ಕುಡಿಸದೆ ಕಳಿಸಿದವರಲ್ಲ. ಬೇಸಿಗೆ ಬಂತೆಂದರೆ ತಾವೂ ಚೆಂಬಿನ ಮೇಲೆ ಚೆಂಬು ಕುಡಿಯುತ್ತಿದ್ದರು.

ಹೊಸ್ತಿಲಲ್ಲಿ ಶಾಲೆಯ ಬೂಟು ಹಾಕಿಕೊಳ್ಳುತ್ತಿದ್ದ ಸಗೀರಾಳ ಮಗಳು ಇರಮ ಬೆರಗಾಗಿ, "ಅಮ್ಮಿ, ದಾದಿ ನಿನಗ ಯಾಕ..." ಎಂದಳು. ಸಗೀರಾ ತುಟಿಗೆ ಬೆರಳಿಟ್ಟು ಸುಮ್ಮನಿರಿಸಿದಳು.

ಹೆತ್ತ ತಾಯಿಯ ಮುಖವನ್ನೇ ಕಾಣದವಳು ಸಗೀರಾ. ಯಾರೂ ಅವಳಿಗೆ ಹೀಗೆ ಹೆಳಲು ಹಾಕಿದ್ದಿಲ್ಲ. ಬಾಚಣಿಗೆ ನೆತ್ತಿಯಿಂದ ಬೆನ್ನಿಗಿಳಿಯುತ್ತಿದ್ದಂತೆ ಅವಳ ಕಣ್ಣು ತಾನಾಗಿ ಮುಚ್ಚಿತು. ರೊಟ್ಟಿ ಸೀದ ವಾಸನೆ ಬಂದರೂ ಏಳಲಾಗಲಿಲ್ಲ. ನಿನ್ನೆ ಅತ್ತೆ ವಾಂತಿ ಮಾಡಿಕೊಂಡಿದ್ದು, ಗೋಡೆ ಹಿಡಿದು ತೂರಾಡುತ್ತ ನಡೆದದ್ದು, ಮಟಮಟ ಮಧ್ಯಾಹ್ನ 'ಕಂದೀಲ ಹಚ್ಚು' ಎಂದದ್ದು ಎಲ್ಲವೂ ನೆನಪಿಗೆ ಬಂತು. ಬಿಸಿಲಿಗೆ ಹಾಗಾಗಿರಬೇಕು... ಈ ಹೆಳಲೊಂದು ಮುಗಿಯಲಿ...

ಹೆಳಲು ಮುಗಿಯಲಿಲ್ಲ. ಬಾಚಣಿಗೆ ಕೈಜಾರಿ ಬಿತ್ತು. ಮಾಬುಬಿ ಚೆಂಬು ಎತ್ತಿ ಸಗೀರಾಳ ತುಟಿಗೆ ಹಿಡಿದರು.

"ಕುಡಿ ಬೇಟಾ... ಈ ಸಲ ಕೊಡತೇನಿ. ಯಾರು ಬ್ಯಾಡಂದ್ರೂ ಕೊಡತೇನಿ!"

ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಸಗೀರಾ ಕಣ್ಣೀರಿನ ಜೊತೆಗೇ ಕುಡಿದಳು. ಮರುಕ್ಷಣ ಎದ್ದು ಅಂಗಳಕ್ಕೆ ಓಡಿದಳು. ಅಲ್ಲಿ ಗಂಡ ಫಯಾಜ ಬಾಡಿಗೆಗೆ ಓಡಿಸುವ ಟಂಟಂ ಗಾಡಿ ಒರೆಸುತ್ತಿದ್ದ.

"ಏನ್ರಿ, ಗಾಡಿ ತಿರಗಸ್ರಿ! ಅತ್ತಿನ ಸಿಂದಗಿ ದವಾಖಾನಿಗೆ ಒಯ್ಯೂಣು."

"ಯಾಕ? ಅವ್ವ ಎಷ್ಟ ಸಮಾಧಾನ ಅದಾಳ ನೋಡು. ಬೈಗಳಿಲ್ಲ, ಜಗಳಿಲ್ಲ. ನಿನಗೂ ಒಂಚೂರು ಆರಾಮ ಅಲ್ಲನು?"

"ಇದು ಸಮಾಧಾನ ಅಲ್ರಿ, ಜಡ್ಡು!"

ಸಿಂದಗಿಯಲ್ಲಿ ರಕ್ತ ಪರೀಕ್ಷೆಯ ವರದಿ ನೋಡಿದ ಡಾಕ್ಟರು ಸೌಂದರ್ಯಾ ತಲೆಯೆತ್ತಿ ಕೇಳಿದರು. "ಅಡಗಿಗೆ ಉಪ್ಪು ಯಾರು ಹಾಕತೀರಿ?"

ಸಗೀರಾ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆ ಮನೆಯಲ್ಲಿ ಸೊಸೆ ಏನು ಬೇಯಿಸಿದರೂ ಉಪ್ಪು ಬೀಳುತ್ತಿದ್ದುದು ಅತ್ತೆಯ ಕೈಯಿಂದ. 'ಉಪ್ಪು ಹಾಕೂ ಕೈನೇ ಮನಿ ಹಿಡದ ಕೈ' ಎನ್ನುತ್ತಿದ್ದರು ಮಾಬುಬಿ. ಬೇಸಿಗೆಯ ಮೊದಲಿಗೆ ಅತ್ತೆಗೆ ಬಿ.ಪಿ. ಹೆಚ್ಚಾಗಿ, ಊರಿನ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಗುಳಿಗೆ ಕೊಟ್ಟ ಮೇಲೆ ಫಯಾಜ ಉಪ್ಪಿನ ಭರಣಿಯನ್ನು ಸಗೀರಾಳ ಕಡೆ ಸರಿಸಿದ್ದ. ಸೊಸೆಯೇ ಉಪ್ಪು ತಿನ್ನಿಸಿ ಕೊಂದಳೆಂದು ನಾಳೆ ಓಣಿ ಆಡಿಕೊಂಡರೆ? ಆ ಅಂಜಿಕೆಗೆ ಅವಳು ಒಂದು ಹರಳನ್ನೂ ಹಾಕಿರಲಿಲ್ಲ. 'ಸಪ್ಪನ ಬ್ಯಾಳಿ ತಿನ್ನಿಸಿ ನನ್ನ ದನಾ ಮಾಡಿದಿ!' ಎಂದು ಅತ್ತೆ ದಿನಾ ಕೂಗಾಡಿದ್ದರು. ಇದನ್ನೂ, ಅತ್ತೆ ಚೆಂಬುಗಟ್ಟಲೆ ನೀರು ಕುಡಿಯುವುದನ್ನೂ ಅವಳು ಮುಚ್ಚಿಡದೆ ಹೇಳಿದಳು.

"ಕಡಿಮಿ ಮಾಡ್ರಿ ಅಂದಿದ್ರು, ಪೂರಾ ಬಿಡ್ರಿ ಅಂದಿರಲಿಲ್ಲ," ಎಂದರು ಡಾಕ್ಟರು ಮೆಲ್ಲಗೆ. "ಬರೇ ನಿಮ್ಮ ಕೈಯಿಂದ ಆಗಿದ್ದಲ್ಲ ಬಿಡ್ರಿ. ಆ ಬಿ.ಪಿ. ಗುಳಿಗಿಯಿಂದನೂ ಉಪ್ಪಿನ ಅಂಶ ಮೂತ್ರದಾಗ ಹೋಗತೈತಿ. ಮ್ಯಾಲ ಇಷ್ಟೊಂದು ನೀರು. ರಕ್ತದಾಗ ಸೋಡಿಯಂ ಇಳದೈತಿ. ಕಡ್ಲಿ ನೆನಿ ಇಟ್ರ ನೀರ ಹೀರಿ ಉಬ್ಬತಾವಲ್ಲ? ಮೈಯಾಗಿನ ಜೀವಕೋಶಾನೂ ಹಂಗ. ಬ್ಯಾರೆ ಕಡೆ ಉಬ್ಬಿದ್ರ ಜಾಗಾ ಇರತೈತಿ. ತಲಿಬುರುಡ್ಯಾಗ ಎಲ್ಲಿ ಐತಿ? ಅದಕ್ಕ ಈ ಗಲಿಬಿಲಿ."

"ಹಂಗಾದ್ರ ಈಗ ಉಪ್ಪು ಕೊಟ್ರ..."

"ಒಮ್ಮಿಗೇ ಏರಿಸಿದ್ರ ಮಿದುಳಿಗೇ ಪೆಟ್ಟು. ಸಾವಕಾಶ ಏರಿಸಬೇಕು. ಅಂಜಬ್ಯಾಡ್ರಿ, ಮೊದಲಿನಂಗ ಆಗತಾರ."

"ಮೊದಲಿನಂಗ... ಆಗತಾರೇನ್ರಿ?"

ಡಾಕ್ಟರು ಹೌದೆಂದು ನಕ್ಕರು. ಆ ಸೊಸೆ ಯಾಕೆ ಹಾಗೆ ಕೇಳಿದಳೆಂದು ಅವರಿಗೆ ಹೇಗೆ ಗೊತ್ತಾಗಬೇಕು! ಮಂಚದ ಮೇಲಿನಿಂದ ಮಾಬುಬಿ, "ಮೆಹನಾಜ, ಎಲ್ಲಿ ಹೋದಿ?" ಎಂದು ಕೈ ಚಾಚಿದರು. ಸಗೀರಾ ಆ ಕೈ ಹಿಡಿದು ಕುಳಿತಳು. ಸಲಾಯಿನ್ ಹನಿಹನಿಯಾಗಿ ಇಳಿಯುತ್ತಿತ್ತು. ಪ್ರತಿ ಹನಿಯೂ ಅತ್ತೆಯನ್ನು ಮರಳಿ ತರುತ್ತಿತ್ತು. ಪ್ರತಿ ಹನಿಯೂ ಒಬ್ಬ ತಾಯಿಯನ್ನು ಒಯ್ಯುತ್ತಿತ್ತು... ಬದುಕಲಿ, ಬೈದರೂ ಬದುಕಲಿ ಎಂದು ಅವಳು ಮನಸ್ಸಿನಲ್ಲೇ ದುವಾ ಮಾಡಿದಳು.

ಒಂದು ಬೆಳಗ್ಗೆ ಮಾಬುಬಿ ಕಣ್ಣು ಬಿಟ್ಟು ತಮ್ಮ ಕೈ ಹಿಡಿದವಳನ್ನು ದಿಟ್ಟಿಸಿದರು. ಮೆಲ್ಲಗೆ ಕೈ ಬಿಡಿಸಿಕೊಂಡರು.

"ಏ ಇಂಡಿ ಊರಾಕಿ, ಚಾ ತರಬೇಕನ್ನೂ ಖಬರೈತೋ ಇಲ್ಲೋ?"

ಸಗೀರಾ ನಕ್ಕಳು. ನಗುತ್ತಲೇ ಸೆರಗನ್ನು ಕಣ್ಣಿಗೊತ್ತಿಕೊಂಡು ಚಹಕ್ಕೆ ಓಡಿದಳು.

ಮನೆಗೆ ಬಂದ ಮೇಲೆ ಗುಳಿಗೆ ಬದಲಾಯಿತು, ನೀರಿಗೆ ಅಳತೆ ಬಂತು. ಡಾಕ್ಟರು ತೋರಿಸಿದಷ್ಟೇ ಉಪ್ಪನ್ನು ಸಗೀರಾ ಬೇಳೆಗೆ ಹಾಕಿದಳು. ಆ ದಿನ ಊಟಕ್ಕೆ ಕೂತ ಮಾಬುಬಿ ಬೇಳೆಯನ್ನು ನಾಲಿಗೆಗೆ ತಾಗಿಸಿ ನೋಡಿದರು. ಬೈಗುಳ ಬರಲಿಲ್ಲ.

"ಕೈ ಪಳಗೇತಿ," ಎಂದಷ್ಟೇ ಗೊಣಗಿದರು. "ಇನ್ನ ಭರಣಿ ನಿನ್ನ ಕಡೇನ ಇರಲಿ."

ಸಗೀರಾ ಮುಖ ತಿರುಗಿಸಿದಳು. ಅವಳು ಭರಣಿಯನ್ನು ಎದೆಗೊತ್ತಿಕೊಂಡದ್ದನ್ನು ಕಂಡ ಇರಮ ರೊಟ್ಟಿಯ ತುಂಡನ್ನು ತಾಟಿನಲ್ಲಿ ಬಿಟ್ಟಳು. ಇಷ್ಟು ದಿನ ಬಾಯಿಗೆ ಬಂದಾಗಲೆಲ್ಲ ಅಮ್ಮಿಯ ಬೆರಳು ತಡೆದಿದ್ದ ಮಾತು ಈಗ ಹೊರಬಿತ್ತು.

"ದಾದಿ, ಅಮ್ಮಿನ ಬೇಟಾ ಅಂತ ಕರೀಬೇಕಂದ್ರ ನೀವು ಮತ್ತ ಜಡ್ಡ ಬೀಳಬೇಕೇನ್ರಿ?"