ಕಪಾಟಿನಲ್ಲಿದ್ದ ಪ್ರತಿ

ಬಾಗಿಲು ತೆರೆದಿದ್ದಾಗಲೇ ಲಿಫ್ಟ್ ಮೇಲಕ್ಕೆ ಹೊರಟಿತ್ತು. ಒಳಗೆ ಕಾಲಿಡುತ್ತಿದ್ದ ಟೈಪಿಸ್ಟ್ ಹೆಂಗಸಿನ ಕಾಲು ಮುರಿದಿತ್ತು. ಮಹಿಳಾ ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಆಕೆಯನ್ನು ಆಸ್ಪತ್ರೆಗೆ ಸಾಗಿಸಿದ್ದರು.

ಲಿಫ್ಟ್ ಕಂಪನಿಯ ಮ್ಯಾನೇಜರ್ ಇನ್‌ಸ್ಪೆಕ್ಟರಿಗಿಂತ ಮೊದಲೇ ಬಂದು ನಿಂತಿದ್ದ. "ನಮ್ಮ ಮೆಕ್ಯಾನಿಕ್ಕೇ ಲಿಫ್ಟ್ ಓಡಿಸೋ ಪ್ರೋಗ್ರಾಂ ತಿದ್ದಿದಾನೆ ಮೇಡಂ. ಮಾರ್ಚ್‌ನಲ್ಲಿ ಲಿಫ್ಟಿಗೆ ಹಾಕಿದ ಫೈಲಿನ ಪ್ರತಿ ನಮ್ಮ ಕಪಾಟಿನಲ್ಲಿದೆ. ಸಂಜೆ ತಂದುಕೊಡ್ತೀನಿ, ಹೋಲಿಸಿ ನೋಡಿ."

ಹೋಲಿಸಿದರು. ಲಿಫ್ಟಿನಲ್ಲಿದ್ದ ಫೈಲು, ಕಪಾಟಿನ ಪ್ರತಿ ಎರಡೂ ಬೇರೆ ಬೇರೆ. ಯಂತ್ರದ ಕೋಣೆಗೆ ಹೋಗಿಬರುತ್ತಿದ್ದವನು ಮೆಕ್ಯಾನಿಕ್ ಒಬ್ಬನೇ. ಅವನು ಲಾಕಪ್ಪು ಸೇರಿದ.

"ನಾನು ಗ್ರೀಸ್ ಹಾಕೋನು ಮೇಡಂ. ಆ ಫೈಲನ್ನ ಕಣ್ಣಲ್ಲೂ ನೋಡಿಲ್ಲ," ಎಂದ.

ಆರೋಪ ನಿಂತರೆ ಅವನಿಗೆ ಜೈಲು. ಆದರೆ ಮ್ಯಾನೇಜರನ ಚುರುಕು ಅವಳ ತಲೆ ಕೊರೆಯುತ್ತಿತ್ತು.

*

ಅವಳ ಅಕ್ಕನ ಗಂಡ ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕುವ ಆಸಾಮಿ. ಎರಡು ಫೈಲನ್ನೂ ಅವರ ಮುಂದಿಟ್ಟಳು.

"ಬೇರೆ ಬೇರೆ ಇದ್ರೆ ಯಾರೋ ತಿದ್ದಿದಾರೆ ಅಂತ ತಾನೇ, ಭಾವ?"

"ಪೊಲೀಸ್ ಅವಸರ ಪಕ್ಕಕ್ಕಿಡಮ್ಮ."

ಅವರು ಹತ್ತು ಸಾಲಿನ ಕೋಡ್ ಬರೆದು ಎರಡು ಸಲ ಕಂಪೈಲ್ ಮಾಡಿದರು, ಅಂದರೆ ಯಂತ್ರ ಓದುವ ಫೈಲಾಗಿಸಿದರು. ನಡುವೆ ಒಂದಕ್ಷರವನ್ನೂ ಮುಟ್ಟಲಿಲ್ಲ. ಆದರೂ ಎರಡು ಫೈಲುಗಳು ಹೊಂದಲಿಲ್ಲ.

"ನೋಡಿದ್ಯಾ? ತಯಾರಾದ ಗಳಿಗೆಯೂ ಒಳಗೆ ಸೇರ್ಕೊಳ್ಳುತ್ತೆ. ಫೈಲು ತಯಾರಿಸೋ ಕಂಪೈಲರ್ ಬದಲಾದ್ರೂ ಅಷ್ಟೇ. ಮೂಲ ಒಂದೇನಾ ಅಂತ ಗೊತ್ತಾಗ್ಬೇಕಾದ್ರೆ ಅದೇ ಕಂಪೈಲರಿನಲ್ಲಿ, ಅದೇ ದಿನಾಂಕ ಇಟ್ಟು ಮತ್ತೆ ತಯಾರಿಸ್ಬೇಕು. ಮೂಲ ಕೋಡ್ ಎಲ್ಲಿ?"

ಪರವಾನಗಿಗೆಂದು ಕಂಪನಿ ಮಾರ್ಚ್‌ನಲ್ಲಿ ತಪಾಸಣಾ ಕಚೇರಿಗೆ ಸಲ್ಲಿಸಿದ್ದ ಕೋಡ್ ಸಿಕ್ಕಿತು. ಭಾವ ಇಡೀ ದಿನ ಅದರ ಮುಂದೆ ಕೂತರು. ಮೂರನೇ ಪ್ರಯತ್ನಕ್ಕೆ ತಯಾರಾದದ್ದು ಲಿಫ್ಟಿನ ಫೈಲಿಗೆ ಕೊನೆಯ ಬೈಟಿನವರೆಗೂ ಹೊಂದಿತು. ಅದನ್ನು ಯಾರೂ ತಿದ್ದಿರಲಿಲ್ಲ. ಕಪಾಟಿನದು ಮಾತ್ರ ಏನು ಮಾಡಿದರೂ ಹೊಂದಲಿಲ್ಲ.

ತಪ್ಪಿಲ್ಲದವನನ್ನು ಎರಡು ದಿನ ಕೂಡಿಹಾಕಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

*

"ಈ ಪ್ರತಿ ಮಾರ್ಚ್‌ದೇನಾ?" ಮ್ಯಾನೇಜರನ ಮೇಜಿನ ಮುಂದೆ ಕೂತು ಕೇಳಿದಳು.

"ಒಳಗೆ ದಿನಾಂಕ ಇದೆಯಲ್ಲ ಮೇಡಂ."

"ಕಂಪೈಲರಿನ ಗುರುತೂ ಇದೆ. ಆ ಕಂಪೈಲರ್ ಬಿಡುಗಡೆಯಾಗಿದ್ದೇ ಜೂನ್‌ನಲ್ಲಿ. ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿದ್ರಿ, ಆ ಗುರುತನ್ನ ಮರೆತ್ರಿ."

ಅವನು ಫೋನಿಗೆ ಕೈ ಚಾಚಿದ; ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ತಪ್ಪು ನಿಮ್ಮ ಮೂಲದಲ್ಲೇ ಇತ್ತು. ಹೊರಡೋ ಮುಂಚೆ ಬಾಗಿಲು ಮುಚ್ಚಿದೆಯಾ ಅಂತ ನೋಡೋ ಸಾಲು ಕೋಡಿನಲ್ಲಿ ಒಂದು ಕಡೆ ಬಿಟ್ಟುಹೋಗಿತ್ತು. ಅಪಘಾತ ಆದ ದಿನವೇ ಅದನ್ನ ಸೇರಿಸಿ, ಹಳೇ ದಿನಾಂಕ ಹಾಕಿ, ಸಂಜೆ ನನಗೆ ತಂದುಕೊಟ್ರಿ."

"ತಪ್ಪನ್ನ ಸರಿ ಮಾಡಿದೀನಲ್ಲ, ಮೇಡಂ," ಎಂದ.

"ಊರಲ್ಲಿ ನಿಮ್ಮವು ಇನ್ನೂ ನಲವತ್ತು ಲಿಫ್ಟ್ ಇವೆ. ಸರಿ ಮಾಡಿದ್ದನ್ನ ಅವಕ್ಕೆ ಹಾಕಿದ್ರಾ?"

ಹಾಕಿರಲಿಲ್ಲ. ಹಾಕಿದ್ದರೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತು. ಅವಳು ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿ ಆ ಲಿಫ್ಟುಗಳನ್ನು ನಿಲ್ಲಿಸಲು ಹೇಳಿದಳು.

*

ಲಾಕಪ್ಪಿನ ಬಾಗಿಲನ್ನು ತಾನೇ ತೆಗೆದಳು. "ತಪ್ಪು ನಂದು, ಕ್ಷಮಿಸಿ. ನಿಮ್ಮ ಮನೆಯವರು ಹೊರಗೆ ಕಾಯ್ತಿದಾರೆ."

ಮೆಕ್ಯಾನಿಕ್ ಎಲ್ಲವನ್ನೂ ಕೇಳಿಸಿಕೊಂಡ. "ಉಳಿದ ಲಿಫ್ಟುಗಳು ಓಡ್ತಾನೇ ಇವೆಯಾ?"

"ಬಹಳಷ್ಟು ನಿಲ್ಲಿಸಿದ್ವಿ. ಹನ್ನೊಂದು ಬಾಕಿ, ನಿಲ್ಲಿಸೋಕೆ ಗೊತ್ತಿರೋರು ಸಾಲ್ತಿಲ್ಲ."

ಹೆಂಡತಿಗೆ ಎರಡು ಮಾತು ಹೇಳಿ ಅವನು ಪೊಲೀಸ್ ಜೀಪು ಹತ್ತಿ ಕೂತ.

"ಮೊದಲು ಹೆರಿಗೆ ಆಸ್ಪತ್ರೆಗೆ ನಡೀರಿ, ಮೇಡಂ. ಅಲ್ಲಿ ಯಾರೂ ಮೆಟ್ಟಿಲು ಹತ್ತಲ್ಲ."