ಡ್ರಿಲ್ ಮೇಷ್ಟ್ರ ಮೇಲೆ ಹೇಳಿದ ಸುಳ್ಳು

"ನಿಲ್ಸಿ ಮೇಡಂ. ಇದು ಖೋ ಖೋ ಅಲ್ಲ, ಬರೀ ಓಟ."

ಗಂಡಸಿನ ದನಿ ಕೇಳಿ ಚೂಡಾಮಣಿ ಬೆಚ್ಚಿ ತಿರುಗಿದಳು. ಆಟದ ಬಯಲಿನ ಬೇಲಿಯಾಚೆ ಒಬ್ಬ ಯುವಕ ಸೈಕಲ್ಲಿಗೆ ಒರಗಿ ನಿಂತಿದ್ದ. ಬಿಳಿ ಷರಟು, ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ.

'ಎಷ್ಟು ಹೊತ್ತಿನಿಂದ ನೋಡ್ತಾ ನಿಂತಿದ್ದಾರೋ…' ಅವಳ ಕಿವಿ ಬಿಸಿಯಾಯಿತು.

ಅದು 1958ನೇ ಇಸವಿ. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಗೆ ಅವಳು ಟೀಚರಾಗಿ ಸೇರಿ ಇನ್ನೂ ಹೊಸತು. ಅರ್ಚಕ ಚಲುವನಾರಾಯಣರ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಆಡಿದ ಆಟವೆಂದರೆ ಚೌಕಾಬಾರ, ಕುಂಟೆಬಿಲ್ಲೆ ಅಷ್ಟೇ. ಆದರೆ ಹೆಡ್‌ಮೇಡಂ ಕರೆದು, "ಹಾಸನದಲ್ಲಿ ಪಂದ್ಯ ಇದೆ. ಇರೋರಲ್ಲಿ ನೀನೇ ಚಿಕ್ಕವಳು, ಹುಡುಗಿಯರನ್ನ ತಯಾರು ಮಾಡು" ಎಂದುಬಿಟ್ಟಿದ್ದರು.

"ಅಷ್ಟು ಗೊತ್ತಿದ್ರೆ ನೀವೇ ಬಂದು ಹೇಳಿಕೊಡಿ" ಎಂದಳು, ಅವಮಾನದ ಸಿಟ್ಟಿನಲ್ಲಿ.

ಅವನು ನಗಲಿಲ್ಲ. "ಇದು ಹೆಣ್ಣುಮಕ್ಕಳ ಸ್ಕೂಲು. ನಾನಾಗಿ ಒಳೀಕೆ ಬರಂಗಿಲ್ಲ. ನೀವು ಕರೀತಿದ್ದೀರಾ?"

"ಹೌದು. ನಾನೇ ಕರೀತಿದ್ದೀನಿ."

ಅವನು ಸೈಕಲ್ಲನ್ನು ಬೇಲಿಗೆ ಆನಿಸಿ ಒಳಗೆ ಬಂದ. ಹೆಸರು ಮಂಚಯ್ಯ. ಗಂಡುಮಕ್ಕಳ ಶಾಲೆಯ ಡ್ರಿಲ್ ಮೇಷ್ಟ್ರು. ಊರು ಶಾಂತಿಗ್ರಾಮ. ಅಲ್ಲಿ ಊರವರು ಮುಟ್ಟಿಸಿಕೊಳ್ಳದವರ ಹೊರಗೇರಿಯಿಂದ ಓದಿ ಸಂಬಳದ ಕೆಲಸಕ್ಕೆ ಸೇರಿದವರಲ್ಲಿ ಇವನೇ ಮೊದಲಿಗ.

"ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತ್ಕಳಿ" ಎಂದ ಹುಡುಗಿಯರಿಗೆ. "ಒಬ್ಬಳ ಮುಖ ಈ ಕಡೀಕೆ, ಪಕ್ಕದೋಳ ಮುಖ ಆ ಕಡೀಕೆ. ಒಂಬತ್ತನೆಯೋಳು ಎದುರು ಪಾರ್ಟಿಯೋರ್ನ ಅಟ್ಟಿಸ್ಕಂಡು ಓಗ್ಬೇಕು. ಆದ್ರೆ ಅವಳು ಸಾಲಿನ ಮಧ್ಯ ನುಗ್ಗಂಗಿಲ್ಲ. ಹಿಡಿದ ದಿಕ್ಕು ಬಿಡಂಗಿಲ್ಲ, ಕೊನೇಲಿರೋ ಕಂಬ ದಾಟಿದ್ಮೇಲೇ ತಿರುಗ್ಬೇಕು. ತಪ್ಪಿಸ್ಕಳೋರಿಗೆ ಯಾವ ಕಟ್ಟೂ ಇಲ್ಲ. ಎಲ್ಲಿ ಬೇಕಾದ್ರೂ ನುಸುಳಬೋದು."

"ಹಾಗಾದ್ರೆ ಅಟ್ಟಿಸೋಳು ಗೆಲ್ಲೋದು ಹೇಗೆ?" ಚೂಡಾಮಣಿ ಸಿಟ್ಟು ಮರೆತು ಕೇಳಿದಳು.

"ಒಬ್ಬಳೇ ಗೆಲ್ಲಕ್ಕಾಗಲ್ಲ ಮೇಡಂ. ಕೂತಿರೋಳ ಬೆನ್ನು ಮುಟ್ಟಿ 'ಖೋ' ಅನ್ಬೇಕು. ಅವಳು ಎದ್ದು ಓಡ್ತಾಳೆ, ಇವಳು ಆ ಜಾಗದಲ್ಲಿ ಕೂರ್ತಾಳೆ. ಕೂಗದೆ ಸುಮ್ನೆ ಮುಟ್ಟಿದ್ರೆ ಫೌಲು. ಕೂಗೋಕ್ ಮುಂಚೆ ಎದ್ರೂ ಫೌಲು."

ಆ ಸಂಜೆ ಹುಡುಗಿಯರು ಮೊದಲ ಸಲ ಆಟ ಆಡಿದರು. ಹೊರಡುವಾಗ ಅವಳೇ ಕೇಳಿದಳು, "ನಾಳೆಯೂ ಬರ್ತೀರಾ?"

ಅವನು ಬಂದ. ಅದರ ಮರುದಿನವೂ ಬಂದ. ಪ್ರತಿ ಸಂಜೆ, ಅವಳು ಕರೆದದ್ದಕ್ಕೆ.

ಖೋ ಖೋ ಆದಮೇಲೆ ಟೆನಿಕಾಯಿಟ್ ಕಲಿಸಿದ. ರಬ್ಬರ್ ರಿಂಗನ್ನು ಬಲೆಯ ಮೇಲಿಂದ ಎಸೆಯಬೇಕು, ಒಂದೇ ಕೈಯಲ್ಲಿ ಹಿಡಿಯಬೇಕು, ಹಿಡಿದು ಯೋಚಿಸುತ್ತ ನಿಲ್ಲದೆ ಕೂಡಲೇ ತಿರುಗಿ ಎಸೆಯಬೇಕು. ಚೂಡಾಮಣಿ ಎರಡೂ ಕೈಯಲ್ಲಿ ಅಪ್ಪಿ ಹಿಡಿದಾಗ, "ಮೇಡಂ, ಅದು ರಿಂಗು, ಕೂಸಲ್ಲ" ಎಂದ. ಹುಡುಗಿಯರ ಜೊತೆ ಅವಳೂ ನಕ್ಕುಬಿಟ್ಟಳು. ಇನ್ನೊಂದು ದಿನ ಕಬಡ್ಡಿ. ಎದುರು ಅಂಕಣಕ್ಕೆ ನುಗ್ಗಿ, ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಯಾರನ್ನಾದರೂ ಮುಟ್ಟಿ, ಉಸಿರು ಕಡಿಯುವ ಮೊದಲು ಗೆರೆಗೆ ಬಂದು ಸೇರಬೇಕು. ಅವನು ಹಾಗೆ ಉಸಿರು ಹಿಡಿದಾಗಲೆಲ್ಲ ಅವಳೂ ತನಗರಿವಿಲ್ಲದೆ ಹಿಡಿಯುತ್ತಿದ್ದಳು.

ಮನೆಯಲ್ಲಿ ಅಪ್ಪ ಕೇಳುತ್ತಿದ್ದರು, "ಇವತ್ತು ನಿಮ್ಮ ಮೇಷ್ಟ್ರು ಏನು ಹೇಳಿಕೊಟ್ಟರಮ್ಮ?"

ಅವಳು ಎಲ್ಲವನ್ನೂ ಹೇಳುತ್ತಿದ್ದಳು. ಒಂದನ್ನು ಬಿಟ್ಟು… ಸಂಜೆಯಾಗುವುದನ್ನೇ ತಾನು ಕಾಯುತ್ತಿರುತ್ತೇನೆ ಎಂಬುದನ್ನು ಬಿಟ್ಟು.

ಮಂಚಯ್ಯನಿಗೆ ಒಂದು ಕನಸಿತ್ತು. ಮದ್ರಾಸಿನಲ್ಲಿ ಒಂದು ವರ್ಷದ ಆಟೋಟದ ತರಬೇತಿ. ಅವನ ಹೆಸರು ಆಯ್ಕೆಯಾಗಿತ್ತು, ಊರಿನ ಎರಡೂ ಶಾಲೆ ನೋಡಿಕೊಳ್ಳುವ ಶಾಲಾ ಸಮಿತಿಯ ಶಿಫಾರಸು ಒಂದೇ ಬಾಕಿ.

"ಓಗಿ ಬಂದ್ರೆ ದೊಡ್ಡ ಸ್ಕೂಲಲ್ಲಿ ಕೆಲಸ ಸಿಗ್ತದೆ. ಅವ್ವನ್ನ ಕರ್ಕಂಡ್ ಬಂದ್ಬುಡ್ತೀನಿ" ಎಂದಿದ್ದ. ಆಮೇಲೆ ನೆಲ ನೋಡುತ್ತ, "ಒಂದು ವರ್ಷ ಬೇಗ ಕಳೀತದೆ, ಅಲ್ವಾ ಮೇಡಂ?"

"ಕಳೆಯುತ್ತೆ" ಎಂದಿದ್ದಳು. ಅದಕ್ಕಿಂತ ಹೆಚ್ಚು ಇಬ್ಬರೂ ಏನೂ ಹೇಳಿರಲಿಲ್ಲ.

ಹಾಸನದ ಪಂದ್ಯದಲ್ಲಿ ಅವಳ ಹುಡುಗಿಯರು ಗೆದ್ದರು. ಕೊನೆಯ ಗಳಿಗೆಯಲ್ಲಿ ಪುಟ್ಟತಾಯಮ್ಮ ಎಂಬ ಕಡ್ಡಿಯಂಥ ಹುಡುಗಿ ಹಾರಿಬಿದ್ದು ಎದುರಾಳಿಯ ಹಿಮ್ಮಡಿ ಮುಟ್ಟಿದಾಗ ಬಯಲೆಲ್ಲ ಕೂಗಿಕೊಂಡಿತು. ಕೂಗಿ ಕೂಗಿ ಚೂಡಾಮಣಿಯ ಗಂಟಲು ಕಟ್ಟಿಹೋಯಿತು. ಪಕ್ಕದಲ್ಲಿ ಮಂಚಯ್ಯ ನೀರು ಕುಡಿಯುತ್ತಿದ್ದ. ಅವಳು ಅವನ ಕೈಯ ಲೋಟ ತೆಗೆದುಕೊಂಡು, ತುಟಿಗಿಟ್ಟು ಕಚ್ಚಿ ಕುಡಿದುಬಿಟ್ಟಳು.

"ಮೇಡಂ… ಅದು ನನ್ನ ಲೋಟ."

"ಗೊತ್ತು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೇಳದೆ ಉಳಿದಿದ್ದೆಲ್ಲ ಆಗ ತಿಳಿದುಹೋಯಿತು.

ಆದರೆ ಪಂದ್ಯ ನೋಡಲು ಶಾಲಾ ಸಮಿತಿಯ ಅಧ್ಯಕ್ಷರೂ ಬಂದಿದ್ದರು.

ಮರುವಾರ ಅವಳನ್ನು ಅಧ್ಯಕ್ಷರ ಕೋಣೆಗೆ ಕರೆಸಿದರು. ಒಂದು ಕುರ್ಚಿಯಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಬಾಗಿಲ ಬಳಿ ಮಂಚಯ್ಯ ನಿಂತಿದ್ದ. ಅವನಿಗೆ ಕುರ್ಚಿ ಹಾಕಿರಲಿಲ್ಲ.

"ಅರ್ಚಕರ ಮನೆತನದ ಮರ್ಯಾದೆ ಪ್ರಶ್ನೆ. ಒಂದೇ ಮಾತು ಹೇಳಮ್ಮ" ಎಂದರು ಅಧ್ಯಕ್ಷರು. "ದಿನಾ ಸಂಜೆ ಇವನನ್ನ ನೀನು ಕರೀತಿದ್ದೆಯಾ, ಇವನೇ ಬರ್ತಿದ್ದನಾ?"

ಚೂಡಾಮಣಿ ಅಪ್ಪನ ಕಡೆ ನೋಡಿದಳು. ದೇವಸ್ಥಾನದ ಕೆಲಸ ಹೋದರೆ… ಊರಲ್ಲಿ ಅಪ್ಪ ತಲೆಯೆತ್ತುವುದು ಹೇಗೆ…

"ಅವರೇ ಬರ್ತಿದ್ರು" ಎಂದಳು.

ಮಂಚಯ್ಯ ಅವಳನ್ನು ಒಮ್ಮೆ ನೋಡಿದ. ಅವನು ಸಿಟ್ಟಾಗಲಿಲ್ಲ. ನಂಬಲಾಗದವನಂತೆ ನೋಡಿದ, ಅಷ್ಟೇ. ಆಮೇಲೆ ಮೆಲ್ಲನೆ ಹೇಳಿದ, "ಹೌದು ಸಾ. ನಾನೇ ಬತ್ತಿದ್ದೆ."

ಶಿಫಾರಸು ನಿಂತುಹೋಯಿತು. ಮದ್ರಾಸಿನ ಜಾಗ ಬೇರೆಯವರ ಪಾಲಾಯಿತು. ಅವನನ್ನು ಅರಕಲಗೂಡಿನ ಕಡೆಯ ಒಂದು ಸಣ್ಣ ಶಾಲೆಗೆ ವರ್ಗ ಮಾಡಿದರು. ಹೋಗುವಾಗ ಅವನು ಯಾರಿಗೂ ಹೇಳಿ ಹೋಗಲಿಲ್ಲ.

ಆಮೇಲಿನ ಮೂರು ವರ್ಷ ಚೂಡಾಮಣಿ ಪ್ರತಿ ಸಂಜೆ ಬಯಲಿಗೆ ಹೋದಳು. ಅವನು ಕಲಿಸಿದ ಆಟವನ್ನು ಅವನ ಮಾತುಗಳಲ್ಲೇ ಕಲಿಸಿದಳು. "ಭಲೇ ಚೆನ್ನಾಗಿ ಹೇಳಿಕೊಡ್ತೀಯ" ಎಂದು ಹೆಡ್‌ಮೇಡಂ ಹೊಗಳಿದಾಗ ಕದ್ದ ಮಾಲು ಕೈಯಲ್ಲಿ ಹಿಡಿದಂತಾಗುತ್ತಿತ್ತು. ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ಅಪ್ಪ ಕಾರಣ ಕೇಳಲಿಲ್ಲ.

ಒಮ್ಮೆ ಅರಕಲಗೂಡಿನ ಬಸ್ಸು ಹತ್ತಿಯೂ ಕೂತಿದ್ದಳು. ಹೊರಡುವ ಮುಂಚೆ ಇಳಿದುಬಿಟ್ಟಳು.

'ಹೋಗಿ ಏನಂತ ಹೇಳಲಿ? ಅವರು ನನ್ನ ಮುಖ ನೋಡಿಯಾರೇ?'

1961ರಲ್ಲಿ ಚನ್ನರಾಯಪಟ್ಟಣದಲ್ಲಿ ಪಂದ್ಯ ನಡೆಯಿತು. ಹೆಣ್ಣುಮಕ್ಕಳ ಖೋ ಖೋ ಫೈನಲ್, ಚೂಡಾಮಣಿಯ ತಂಡಕ್ಕೂ ಆ ಊರಿನ ತಂಡಕ್ಕೂ. ಬಯಲಿನ ನಡುವೆ ನಿಂತ ರೆಫ್ರಿಯನ್ನು ನೋಡಿ ಅವಳು ಅಲ್ಲೇ ನಿಂತಳು. ಮಂಚಯ್ಯ ಬಡವಾಗಿದ್ದ. ಕಿವಿಯ ಪಕ್ಕ ಆಗಲೇ ನರೆ.

ಅವಳು ಬಾಯಿ ತೆರೆಯುವ ಮೊದಲೇ ಅತಿಥಿಗಳ ಸಾಲಿನಿಂದ ಅದೇ ಅಧ್ಯಕ್ಷರು ಎದ್ದರು. "ಆ ಮನುಷ್ಯ ಹೆಣ್ಣುಮಕ್ಕಳ ಆಟಕ್ಕೆ ಬೇಡ. ಅವನ ವಿಷಯ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು."

ಮಂಚಯ್ಯ ವಾದ ಮಾಡಲಿಲ್ಲ. ಕೊರಳಿನ ಸೀಟಿಯನ್ನು ತೆಗೆಯತೊಡಗಿದ. ಇದು ಮೊದಲ ಸಲವಲ್ಲ ಎಂಬುದು ಅವನ ಕೈ ನೋಡಿದರೇ ತಿಳಿಯುತ್ತಿತ್ತು.

ಚೂಡಾಮಣಿ ನೇರ ಅತಿಥಿಗಳ ಮುಂದೆ ಹೋಗಿ ನಿಂತಳು.

"ನಾನು ಸುಳ್ಳು ಹೇಳಿದ್ದೆ ಸಾರ್."

"ಏನಮ್ಮ?"

"ಅವರಾಗಿ ಅವರು ಬರ್ತಿರಲಿಲ್ಲ. ನಾನು ಕರೆದೆ. ದಿನಾ ನಾನೇ ಕರೆದೆ. ಆ ದಿನ ನಿಮ್ಮ ಮುಂದೆ ಹೆದರಿ ಸುಳ್ಳು ಹೇಳಿದೆ. ಅವರು ನನ್ನ ಮಾನ ಉಳಿಸೋಕೆ ಹೂಂ ಅಂದ್ರು."

"ಹೋಗಿ ಕೂತ್ಕೋ. ಇದು ಆ ಮಾತಿಗೆಲ್ಲ ಜಾಗ ಅಲ್ಲ."

"ಸುಳ್ಳು ಹೇಳಿದ ಜಾಗದಲ್ಲಿ ನಾಲ್ಕೇ ಜನ ಇದ್ವಿ ಸಾರ್. ಆದ್ರೆ ಅದು ಊರಿಗೆಲ್ಲ ಗೊತ್ತಾಯ್ತಲ್ಲ… ಇದೂ ಗೊತ್ತಾಗಲಿ."

ಜನ ಗುಸುಗುಸು ಎಂದರು. ಪಂದ್ಯ ನಡೆಸುತ್ತಿದ್ದ ಹೆಡ್‌ಮಾಸ್ಟರ್ ಚನ್ನಪ್ಪ ಕೆಮ್ಮಿ, "ಮಂಚಯ್ಯನೋರೆ, ಸೀಟಿ ಹಾಕ್ಕಳಿ. ಹೊತ್ತಾಯ್ತದೆ" ಎಂದರು.

ಆಟ ನಡೆಯಿತು. ಮಂಚಯ್ಯ ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ಕೊನೆಯಲ್ಲಿ ಅವಳ ತಂಡದ ಹುಡುಗಿ ಖೋ ಕೇಳುವ ಮೊದಲೇ ಎದ್ದಾಗ ಸೀಟಿ ಊದಿ ಫೌಲ್ ಕೊಟ್ಟ. ಅವಳ ತಂಡ ಸೋತಿತು.

ಎಲ್ಲರೂ ಚದುರಿದ ಮೇಲೆ ಅವನು ಹೊಂಗೆ ಮರದ ಕೆಳಗೆ ಗೆರೆಯ ಹಗ್ಗ ಸುತ್ತುತ್ತಿದ್ದ. ಅವಳು ಹತ್ತಿರ ಹೋದಳು.

"ಯಾಕ್ ದಿಟ ಏಳುದ್ರಿ ಈಗ?" ತಲೆಯೆತ್ತದೆ ಕೇಳಿದ. "ನಾನೇನ್ ಕೇಳಿದ್ನಾ?"

"ಇಲ್ಲ… ನನ್ನಿಂದ ತಡೆಯೋಕೆ ಆಗಲಿಲ್ಲ."

"ಅಂಗನ್ನಿ. ನಿಮ್ಮೆದೆ ಹಗುರಾಯ್ತು." ಹಗ್ಗ ಕೆಳಗಿಟ್ಟ. "ನಮ್ಮವ್ವನ ಕಿವೀಗೂ ಆ ಮಾತು ಬಿದ್ದದೆ. ನಿನ್ನ ಮಗ ಮೇಡಮ್ಮನ ಹಿಂದೆ ಬಿದ್ದು ಊರು ಬಿಡಿಸ್ಕಂಡ ಅಂತ. ಒಂದ್ಸಲ ನನ್ನ ಕೇಳುದ್ಲು, ದಿಟವಾ ಅಂತ. ಇಲ್ಲ ಅಂದ್ರೆ ನಿಮ್ಮ ಮಾತು ಸುಳ್ಳಾಯ್ತದೆ. ಸುಮ್ನಿದ್ದೆ. ಅವತ್ತಿಂದ ನಮ್ಮವ್ವ ನನ್ನ ಮೊದಲಿನಂಗೆ ನೋಡಿಲ್ಲ. ಇಲ್ಲಿ ಅಷ್ಟು ಜನರ ಮುಂದೆ ಏಳುದ್ರಲ್ಲ, ಅವಳ ಮುಂದೆ ಏಳಕ್ಕಾಯ್ತದಾ?"

ಅವಳ ಕಣ್ಣು ತುಂಬಿತು. ಮೂರು ವರ್ಷ ತನ್ನ ತಪ್ಪನ್ನು ತಾನು ಅಳೆದುಕೊಂಡಿದ್ದೇ ಕಡಿಮೆ ಎಂದು ಆಗ ಅವಳಿಗೆ ತಿಳಿಯಿತು.

"ಹೇಳ್ತೀನಿ" ಎಂದಳು.

ಊರಿಗೆ ಬಂದವಳು ಮೊದಲು ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಅವನನ್ನು ಪ್ರೀತಿಸುತ್ತೇನೆ ಎಂಬುದನ್ನೂ.

"ನೀನು ದಿನಾ ನನಗೆ ಹೇಳಿಯೇ ಹೋಗ್ತಿದ್ದೆಯಲ್ಲಮ್ಮ" ಎಂದರು ಚಲುವನಾರಾಯಣರು. "ನೀನೇ ಕರೀತಿದ್ದೆ ಅಂತ ಆ ದಿನ ನನಗೂ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ದೇವರಿಗೆ ಮಂಗಳಾರತಿ ಎತ್ತುವಾಗೆಲ್ಲ ಆ ಹುಡುಗ ಬಾಗಿಲಲ್ಲಿ ನಿಂತಿದ್ದು ನೆನಪಾಗುತ್ತೆ."

"ಅಪ್ಪಾ…"

"ಹೋಗಿ ಬಾ. ನಿನ್ನನ್ನ ತಡೆಯೋಕೆ ನನಗೆ ಮುಖ ಇಲ್ಲ. ಜೊತೆಗೆ ಬರೋಕೆ ಧೈರ್ಯವೂ ಇಲ್ಲ."

ಭಾನುವಾರ ಶಾಂತಿಗ್ರಾಮದಲ್ಲಿ ಬಸ್ಸಿಳಿದು ಅವಳು ಕೇರಿಯ ದಾರಿ ಹಿಡಿದಳು. ಮಂಚಯ್ಯನ ತಾಯಿ ಮಲ್ಲಿಗಮ್ಮ ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಯಾರೋ ಮೇಷ್ಟ್ರಮ್ಮ ಬಂದಳೆಂದು ಚಾಪೆ ಕೊಡವಿ ಹಾಸಿದಳು. ಚೂಡಾಮಣಿ ಕೂರಲಿಲ್ಲ.

"ಅಮ್ಮಾ, ನಿಮ್ಮ ಮಗ ಯಾರ ಹಿಂದೆಯೂ ಬೀಳಲಿಲ್ಲ. ಆಟ ಕಲಿಸಿ ಅಂತ ನಾನೇ ಅವರನ್ನ ಕರೆದಿದ್ದೆ. ಅವರೇ ಬಂದ್ರು ಅಂತ ಸುಳ್ಳು ಹೇಳಿದೋಳು ನಾನೇ."

ಮಲ್ಲಿಗಮ್ಮ ಅವಳ ಮುಖವನ್ನೇ ನೋಡಿದಳು.

"ಯಾಕವ್ವಾ ಅಂಗೇಳ್ದೆ?"

"ಭಯ ಆಯ್ತು."

"ನನ್ನ ಮಗೀಗೂ ಭಯ ಆಗಿರ್ತದೆ ಕಣವ್ವಾ."

ಚೂಡಾಮಣಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವುದೂ ತಪ್ಪೆನಿಸಿ ಹಾಗೇ ನಿಂತಳು.

ಭಾನುವಾರದ ರಜೆಗೆ ಬಂದು ಮನೆಯೊಳಗಿದ್ದ ಮಂಚಯ್ಯ ಮಾತು ಕೇಳಿ ಬಾಗಿಲಿಗೆ ಬಂದಿದ್ದ. ಮಲ್ಲಿಗಮ್ಮ ಅವನ ಹತ್ತಿರ ಹೋಗಿ ಎರಡೂ ಕೈಯಿಂದ ಅವನ ಮುಖ ಹಿಡಿದಳು.

"ಹೆತ್ತೋಳು ನಾನು. ನಾನೂ ನಿನ್ನ ನಂಬ್ನಿಲ್ವಲ್ಲಾ ಮಗಾ…"

"ಬುಡವ್ವಾ" ಎಂದ. ತಾಯಿ ಮಗ ಹಾಗೇ ನಿಂತರು. ಚೂಡಾಮಣಿ ಸದ್ದು ಮಾಡದೆ ಹೊರಟು ರಸ್ತೆಗೆ ಬಂದಳು.

ಬಸ್ಸಿಗಾಗಿ ನಿಂತಾಗ ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ಮಂಚಯ್ಯ.

"ಒಂದ್ ಮಾತೂ ಏಳದೆ ಬಂದ್ಬುಟ್ರಲ್ಲ."

"ಇನ್ನು ಅಲ್ಲಿ ನನಗೇನು ಕೆಲಸ…"

"ಊಟಕ್ಕೆ ಕರ್ಕಂಡ್ ಬಾ ಅಂದ್ಲು ಅವ್ವ. ಅಷ್ಟು ದೂರದಿಂದ ಬಂದದೆ ಮಗ, ಅಂಗೇ ಕಳಿಸಬ್ಯಾಡ ಅಂದ್ಲು."

ಹಾಸನದ ಬಸ್ಸು ಬಂತು. ಕಂಡಕ್ಟರ್ ಇಬ್ಬರ ಮುಖ ನೋಡಿ, ಕಾದು, ರೈಟ್ ಎಂದ. ಬಸ್ಸು ಹೊರಟುಹೋಯಿತು.

"ನಿಮಗೆ ನನ್ನ ಮೇಲೆ ಕೋಪ ಹೋಯ್ತಾ?" ಅವಳು ಅಂಜುತ್ತ ಕೇಳಿದಳು.

"ಇಲ್ಲ." ಅವನು ಸುಳ್ಳು ಹೇಳಲಿಲ್ಲ. "ಮೂರು ವರ್ಷದ್ದು. ಒಂದೇ ದಿನಕ್ಕೆ ಓಗಾಕಿಲ್ಲ."

"ಹಾಗಾದ್ರೆ ಯಾವಾಗ ಹೋಗುತ್ತೆ?"

ಅವನು ರಸ್ತೆಯ ಕಡೆ ನೋಡಿದ. ಆಮೇಲೆ ಅವಳ ಕಡೆ. ಇಷ್ಟು ದಿನದಲ್ಲಿ ಮೊದಲ ಸಲ ಅವನ ಕಣ್ಣಂಚು ಸಡಿಲವಾಯಿತು.

"ಗೊತ್ತಿಲ್ಲ ಚೂಡಾಮಣಿ… ದೂರ ಇದ್ದು ನೋಡ್ದೆ, ಕಮ್ಮಿ ಆಗ್ನಿಲ್ಲ. ಹತ್ರ ಇದ್ರೆ ಆಯ್ತದೇನೋ."

ಅವನು ಹೆಸರು ಹಿಡಿದು ಕರೆದದ್ದು ಅವಳಿಗೆ ತಡವಾಗಿ ತಿಳಿಯಿತು.

"ಹತ್ರಾನೇ ಇರ್ತೀನಿ" ಎಂದಳು. "ಬೈಯಬೇಕು ಅನ್ನಿಸಿದಾಗೆಲ್ಲ ಬೈಯಿರಿ."

"ಬೈತೀನಿ" ಎಂದ ಮಂಚಯ್ಯ. "ಮೊದ್ಲು ಬಾ, ಉಣ್ಣು. ಅವ್ವ ಕಾಯ್ತಾ ಕುಂತವ್ಳೆ."